ನಾನು ಬೆರೆಸದ ಸದ್ದು

ವಸುಧಾ, ಅಂದು ನಿನಗೆ ಕಂಡದ್ದು ನನ್ನ ನಕಲಿ ಸದ್ದಾಗಿರಲಿಲ್ಲ. ನಾನೇ ಬೆರೆಸಿದ್ದು ಎಂದು ಎಲ್ಲರ ಮುಂದೆ ಹೇಳಿದೆ — ಬೆರೆಸಿರಲಿಲ್ಲ. ಅದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ನಿನಗೆ ವಿವರಣೆ ಬೇಡ. ಇದನ್ನು ಓದುವ ಬೇರೆಯವರಿಗೆ ನಮ್ಮ ಕೆಲಸ ಏನಿತ್ತೆಂದು ಹೇಳಬೇಕು. ವಿಶ್ವದ ಆರಂಭಕಾಲದಲ್ಲಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮನಾಗಿ ಜಲಜನಕದ ಮಂಜು ಹರಡಿತ್ತು. ನಕ್ಷತ್ರವಿಲ್ಲ, ಆಕಾರವಿಲ್ಲ. ಅದು ಅಲ್ಲಲ್ಲಿ ಗಂಟು ಕಟ್ಟಿತು — ರಾಗಿ ಗಂಜಿ ಗಂಟು ಕಟ್ಟುವ ಹಾಗೆ, ಎಂದು ನೀನೇ ಹೇಳುತ್ತಿದ್ದೆ. ಗಂಟುಗಳು ಉರಿದು ಮೊದಲ ನಕ್ಷತ್ರಗಳಾದಾಗ ಸುತ್ತಲ ಮಂಜು ಒಂದಿಷ್ಟು ರೇಡಿಯೊ ಅಲೆಯನ್ನು ಹೀರಿಕೊಂಡಿತು. ಆ ಗುರುತು ಇಂದಿಗೂ ಆಕಾಶದ ಮೊರೆತದಲ್ಲಿ ಅತಿ ಸಣ್ಣ ತಗ್ಗಾಗಿ ಉಳಿದಿರಬೇಕು. ಆ ತಗ್ಗನ್ನು ಹುಡುಕಲು ನಾವು ಊರುಗಳಿಂದ ದೂರ, ಬಯಲಿನಲ್ಲಿ ಆಂಟೆನಾ ಇಟ್ಟು ಕಿವಿಗೊಟ್ಟಿದ್ದೆವು.

ಹುಡುಕುವವರ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ. ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಆಗಾಗ ನಾನೊಬ್ಬನೇ ಗುಟ್ಟಾಗಿ ಚಿಕ್ಕದೊಂದು ಪೆಟ್ಟಿಗೆಯನ್ನು ಆಂಟೆನಾದ ತಂತಿಗೆ ಜೋಡಿಸಿ ನಕಲಿ ತಗ್ಗೊಂದನ್ನು ಬೆರೆಸುತ್ತಿದ್ದೆ. ಯಾವಾಗ ಎಂದು ಮತ್ತಾರಿಗೂ ಗೊತ್ತಿಲ್ಲ. ಯಾರಾದರೂ ತಗ್ಗು ಕಂಡೆವೆಂದು ಸಭೆಯಲ್ಲಿ ಹೇಳಿದರೆ, ‘ನನ್ನದು’ ಅಥವಾ ‘ನನ್ನದಲ್ಲ’ ಎಂದು ನಾನು ಹೇಳಬೇಕು. ನನ್ನದಾಗಿದ್ದರೆ ಆ ದಿನದ ದಾಖಲೆಯನ್ನು ಸಭೆಯ ಮರುದಿನವೇ ಅಳಿಸಬೇಕು. ಮುಂದೆ ಯಾರೂ ಅದನ್ನು ಆಕಾಶದ್ದೆಂದು ತಿಳಿಯಬಾರದು. ಈ ನಿಯಮ ಮಾಡಿದವನೂ ನಾನೇ.

ಆ ಸಭೆಯಲ್ಲಿ ನೀನು ತೆರೆಯ ಮೇಲೆ ಗೆರೆಯನ್ನು, ಅದರೊಳಗಿನ ತಗ್ಗನ್ನು ತೋರಿಸಿದೆ. ಎಲ್ಲರೂ ನನ್ನತ್ತ ತಿರುಗಿದರು. ಆ ಗೆರೆ ದಾಖಲಾದದ್ದು ನಾನು ಪೆಟ್ಟಿಗೆ ಜೋಡಿಸಬೇಕಿದ್ದ ದಿನ — ಮನಸ್ಸಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದ ದಿನ. ಸಂದೇಹವೇ ಬರಲಿಲ್ಲ.

“ಅದು ನಂದು,” ಎಂದೆ.

ನೀನು ಕುಳಿತುಕೊಳ್ಳಲಿಲ್ಲ. “ಸಾರ್, ನಿಮ್ಮದು ಯಾವಾಗ್ಲೂ ಇಸ್ತ್ರಿ ಮಾಡ್ದಂಗೆ ಇರುತ್ತೆ. ಇದು ನೋಡಿ, ಅಂಚೆಲ್ಲಾ ಮುದುಡಿಕೊಂಡಿದೆ. ಇದು ಹೇಗೆ ನಿಮ್ಮದಾಗುತ್ತೆ?”

“ಅವತ್ತು ಇಸ್ತ್ರಿ ಅಂಗಡಿ ರಜಾ ಇತ್ತು ಬಿಡಮ್ಮ,” ಎಂದರು ಹಿಂದಿನಿಂದ ಮೂರ್ತಿ. ಲೆಕ್ಕಾಚಾರದ ವಿಭಾಗದ ಆ ಮನುಷ್ಯನಿಗೆ ಸಭೆಯನ್ನು ನಗಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ತ್ಯಾಗರಾಜನಗರದ ಮನೆಗೆ ಬಂದು, ಬಯಲಿಗೆ ಮುಂದಿನ ಪ್ರಯಾಣಕ್ಕೆಂದು ಊಟದ ಡಬ್ಬಿಯ ಚೀಲ ಬಿಚ್ಚಿದೆ. ಪೆಟ್ಟಿಗೆಯನ್ನು ಯಾವಾಗಲೂ ಅದರಲ್ಲೇ ಒಯ್ಯುತ್ತಿದ್ದೆ, ಯಾರಿಗೂ ಅನುಮಾನ ಬಾರದ ಹಾಗೆ. ಪ್ರತಿ ಸಲವೂ ಹೊಸ ಬ್ಯಾಟರಿ. ಮುಗಿದ ಮೇಲೆ ಅಲ್ಲೇ ಎಸೆದು ಬರುವುದು. ಪೆಟ್ಟಿಗೆಯ ಪಕ್ಕದಲ್ಲಿ ಆ ಸಲದ ಬ್ಯಾಟರಿಗಳಿದ್ದವು. ಮೇಲಿನ ಪ್ಲಾಸ್ಟಿಕ್ ಹರಿದಿರಲಿಲ್ಲ.

ಆಗ ನೆನಪಾಯಿತು. ಆ ಗೆರೆ ದಾಖಲಾದ ದಿನ ಬೆಳಿಗ್ಗೆ ಬಯಲಿನ ಯಂತ್ರಗಳ ಕೊಠಡಿಯೊಳಗೆ ಕೇರೆ ಹಾವೊಂದು ನುಗ್ಗಿತ್ತು. ಗಲಾಟೆ, ಕೋಲು, ಕೂಗಾಟ. ಅದು ಹೊರಹೋದ ಮೇಲೆ ಬಾಗಿಲು ಮುಚ್ಚಿದೆ, ಬೀಗ ಹಾಕಿದೆ — ಬೀಗ ಹಾಕಿದ ಮೇಲೆ ಕೆಲಸ ಮುಗಿಯಿತೆಂದೇ ನನ್ನ ಅಭ್ಯಾಸ. ಪೆಟ್ಟಿಗೆ ಚೀಲದಿಂದ ಹೊರಗೇ ಬಂದಿರಲಿಲ್ಲ.

ಹಾಗಾದರೆ ಆ ತಗ್ಗು ಯಾರದು?

ಅಡುಗೆಮನೆಯಲ್ಲಿ ನಿಂತುಬಿಟ್ಟೆ. ಖಾಲಿ ಮನೆ ಎಂದು ಬೀಗ ಹಾಕಿ ಮೆಟ್ಟಿಲಿಳಿಯುವಾಗ ಒಳಗಿಂದ ಯಾರೋ ಕೆಮ್ಮಿದರೆ ಹೇಗಾಗುತ್ತದೆ — ಹಾಗಾಯಿತು. ಮೊದಲ ನಕ್ಷತ್ರಕ್ಕಿಂತ ಮುಂಚಿನ ಆ ಕತ್ತಲಿನಿಂದ ಏನೋ ನನ್ನ ಚೀಲದತ್ತ ನೋಡುತ್ತಿದೆ ಎನಿಸಿತು. ಯಂತ್ರದ ದೋಷವಿರಬಹುದು, ಎಲ್ಲಿಂದಲೋ ನುಸುಳಿದ ತರಂಗವಿರಬಹುದು. ಇರಬಹುದು. ನನ್ನದಂತೂ ಅಲ್ಲ.

ಮರುದಿನ ಎಂದಿನ ಹೊತ್ತಿಗೇ ಕಚೇರಿಗೆ ಹೋದೆ. ದಾಖಲೆ ಇನ್ನೂ ಇತ್ತು. ‘ತಪ್ಪಾಯಿತು, ಅಳಿಸಬೇಡಿ’ — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತೇವೆ ಎನ್ನುತ್ತಿದ್ದ ಜನ ಅವರು. ಹಾವು ನೋಡಿ ಮರೆತೆ ಎಂದು ಅವರೆದುರು — ಮೂರ್ತಿಯ ಎದುರು — ಹೇಗೆ...

“ಅಳಿಸ್ಲಾ ಸಾರ್?” ಎಂದು ಕೇಳಿದವಳು ನೀನೇ.

“ನಿಯಮ ಅಂದ್ರೆ ನಿಯಮ ಅಲ್ವೇನಮ್ಮಾ,” ಎಂದೆ.

ನಿನ್ನ ಬೆರಳಿನಿಂದಲೇ ಅಳಿಸಿಹಾಕಿಸಿದೆ. ಆಮೇಲೆ ಆ ಬಯಲಿನ ಪಕ್ಕದಲ್ಲಿ ಮೊಬೈಲ್ ಗೋಪುರಗಳು ಎದ್ದವು, ಆಂಟೆನಾ ಕಳಚಿದೆವು. ಅಷ್ಟರಲ್ಲಿ ನೀನು ಕೆಲಸ ಬಿಟ್ಟು ಬಿಟಿಎಂ ಬಡಾವಣೆಯ ವಿಮಾ ಕಚೇರಿಗೆ ಸೇರಿದ್ದೆ.

ನಿವೃತ್ತನಾಗಿ ಜೆಪಿ ನಗರಕ್ಕೆ ಬಂದ ಮೇಲೂ ನನ್ನ ದಿನಚರಿ ಬದಲಾಗಿಲ್ಲ. ಏಳುವುದು, ಕಾಫಿ, ಪುಟ್ಟೇನಹಳ್ಳಿ ಕೆರೆಯ ಸುತ್ತ ನಡಿಗೆ. ರೇಡಿಯೊವನ್ನು ಮಾತ್ರ ಬಿಟ್ಟಿದ್ದೇನೆ. ನಾವು ಹುಡುಕುತ್ತಿದ್ದ ತಗ್ಗು ಎಫ್ಎಂ ಹಾಡುಗಳ ಅಲೆಗಳ ನಡುವೆಯೇ ಇರುವಂಥದು. ಒಂದು ನಿಲಯದಿಂದ ಇನ್ನೊಂದಕ್ಕೆ ತಿರುಗಿಸುವಾಗ ಬರುವ ಆ ಸುಂಯ್ ಸದ್ದು — ಅದರ ಹಿಂದೆ ಯಾವುದೋ ಒಂದು ಉಸಿರು ಬಿಗಿಹಿಡಿದು ನಿಂತಿದೆ ಎನಿಸುತ್ತದೆ. ಬೇಗನೆ ಆರಿಸಿಬಿಡುತ್ತೇನೆ.

ಹೋದ ವಾರ ಕೆರೆಯ ಬಳಿ ನೀನೇ ಗುರುತು ಹಿಡಿದೆ. ನಾಲ್ಕು ಮಾತಾಡಿ, ಹೊರಡುವಾಗ ನಕ್ಕು ಹೇಳಿದೆ: “ಸಾರ್, ಅವತ್ತು ನೀವು ನನ್ನ ಉಳಿಸಿದ್ರಿ. ಇಲ್ದಿದ್ರೆ ಊರೆಲ್ಲಾ ನಗ್ತಿತ್ತು. ಅವತ್ತಿಂದ ಯಾವುದನ್ನೇ ಆಗ್ಲಿ, ನಾನು ನೋಡಿದ್ದು ಅಂತ ನಂಬೋದೇ ಬಿಟ್ಟೆ. ಒಂದು ಪಾಲಿಸಿ ಕಾಗದನೂ ಪಕ್ಕದವ್ರಿಗೆ ತೋರ್ಸೇ ಸಹಿ ಹಾಕೋದು.”

ನೀನು ನನಗೆ ಕೃತಜ್ಞತೆ ಹೇಳಿದೆ, ವಸುಧಾ. ಆಗಲೂ ತಲೆಯಾಡಿಸಿ ಬಂದೆ.

ನೀನು ಕಂಡದ್ದು ಏನೆಂದು ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅದನ್ನು ನಿನಗೆ ಮರಳಿಸಲಾರೆ. ಕಂಡದ್ದಂತೂ ನಿಜ. ಅದು ನನ್ನದಲ್ಲ ಎಂದು ಹೇಳಿದ ನಿನ್ನ ಕಣ್ಣು ಸರಿಯಾಗಿತ್ತು, ತಪ್ಪಿದವನು ನಾನು.

ಆ ದಿನದಿಂದ ಕೆರೆಯ ದಾರಿಯಲ್ಲಿ ನಿನ್ನ ಹಿಂದೆಯೇ ಉಳಿಯುತ್ತಿದ್ದೇನೆ, ನೀನು ತಿರುಗಿ ನೋಡದಷ್ಟು ದೂರದಲ್ಲಿ. ನಾಳೆ ಈ ಕಾಗದ ಹಿಡಿದು ಎದುರು ದಿಕ್ಕಿನಿಂದ ಬರುತ್ತೇನೆ.