ನನ್ನ ಹೆಸರಿನಲ್ಲಿ ಓದಿದವರು

ಮೊನ್ನೆ ಪೋರೂರಿನ ನಮ್ಮ ಮನೆಯ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಪತ್ತೇದಾರಿ ಕಾದಂಬರಿ ಸಿಕ್ಕಿತು. ಕಂದು ಕಾಗದದ ಹೊದಿಕೆ, ವಡಪಳನಿಯ ನಮ್ಮ ಹಳೆಯ ಕನ್ನಡ ಸಂಘದ ನೀಲಿ ಮುದ್ರೆ. ಹಿಂಬದಿಯ ಚೀಟಿಯಲ್ಲಿ ನನ್ನದೇ ಹೆಸರು, ಆದರೆ ಅಕ್ಷರ ನನ್ನದಲ್ಲ... ಲೈಬ್ರರಿ ಮೇಷ್ಟ್ರದು.

ಅವರು ನಿಜಕ್ಕೂ ಮೇಷ್ಟ್ರೇನಲ್ಲ, ರೈಲ್ವೆಯಿಂದ ನಿವೃತ್ತರಾದ ಗುಮಾಸ್ತರು. ತೊಂಬತ್ತರ ದಶಕದ ಕೊನೆಯಲ್ಲಿ ಸಂಘದ ಪುಸ್ತಕದ ಕೋಣೆಯನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಒಂದು ಕಲ್ಯಾಣ ಮಂಟಪದ ಹಿಂಭಾಗದ ಆ ಕೋಣೆಯನ್ನು ಮಾಲೀಕರು, ಜನ ಬರುತ್ತಿರುವಷ್ಟು ದಿನ ಇಟ್ಟುಕೊಳ್ಳಿ ಎಂದು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು. ಆದರೆ ಜನ ಎಲ್ಲಿ? ಒಂದು ಕಾಲಕ್ಕೆ ಭಾನುವಾರ ಅಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಆಮೇಲೆ ಮನೆಮನೆಗೆ ಕೇಬಲ್ ಟಿವಿ ಬಂತು, ಮಕ್ಕಳು ತಮಿಳಿನಲ್ಲೇ ಉತ್ತರ ಕೊಡತೊಡಗಿದರು, ನಾವು ಒಬ್ಬೊಬ್ಬರೇ ದೂರದ ಬಡಾವಣೆಗಳಿಗೆ ಮನೆ ಬದಲಿಸಿದೆವು. ನಾನೂ ಹೋಗುವುದನ್ನು ಬಿಟ್ಟೆ.

ವಿಮಾ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಹಾಲು ತೆಳ್ಳಗಿದ್ದರೂ ತನಿಖೆ ನಡೆಸುತ್ತಿದ್ದೆ. ಎರಡು ವರ್ಷದ ಮೇಲೆ ಸಂಘದ ವಾರ್ಷಿಕ ಸಭೆಗೆ ಹೋದವನು ಸುಮ್ಮನೆ ಕೂರಲಾರದೆ, ಯಾರು ಯಾವ ಪುಸ್ತಕ ಒಯ್ದರೆಂದು ಬರೆಯುವ ರಿಜಿಸ್ಟರ್ ತಿರುವಿದೆ. ಆ ವರ್ಷ ನಾನು ಹನ್ನೊಂದು ಕಾದಂಬರಿ ಒಯ್ದಿದ್ದೆನಂತೆ! ಊರನ್ನೇ ಬಿಟ್ಟುಹೋದವರೂ ತಿಂಗಳು ತಿಂಗಳು ಒಯ್ದಿದ್ದರು. ಎಲ್ಲಾ ಒಂದೇ ಕೈಬರಹ. ಮೇಷ್ಟ್ರು ಪ್ರತಿ ವಾರ ಚೀಲ ತುಂಬಿಸಿಕೊಂಡು ಕ್ರೋಂಪೇಟೆಯ ತಮ್ಮ ಮನೆಗೆ ಹೋಗುವುದು ನನಗೆ ಗೊತ್ತಿತ್ತು. ಹಳೇ ಪುಸ್ತಕದ ಅಂಗಡಿಗೆ ಸಾಗಿಸುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಪಕ್ಕಕ್ಕೆ ಕರೆದು ಕೇಳಬಹುದಿತ್ತು... ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಮಂಟಪದ ಮಾಲೀಕರು ಕೂತಿದ್ದಾಗಲೇ ಎದ್ದು ನಿಂತು, ಈ ಹೆಸರುಗಳೆಲ್ಲ ಸುಳ್ಳು, ಇಲ್ಲಿಗೆ ಯಾರೂ ಬರುತ್ತಿಲ್ಲ ಎಂದೆ. ಮಾಲೀಕರಿಗೂ ಅರ್ಥವಾಗಲೆಂದು ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ.

ಮೇಷ್ಟ್ರು ಬೀರುಗಳನ್ನು ತೆರೆದು ಪುಸ್ತಕಗಳನ್ನು ಎಲ್ಲರಿಗೂ ತೋರಿಸಿದರು. ಒಂದೂ ಕಡಿಮೆಯಿರಲಿಲ್ಲ. ಆದರೆ ಮಾಲೀಕರು ಕೇಳಿಸಿಕೊಂಡಾಗಿತ್ತು. ತಿಂಗಳೊಳಗೆ ಕೋಣೆ ಖಾಲಿ ಮಾಡಿ ಎಂದರು.

ಖಾಲಿ ಮಾಡುವ ದಿನ ಬಂದವರು ನಾವಿಬ್ಬರೇ. ಕಟ್ಟುಗಳಿಗೆ ಹಗ್ಗ ಬಿಗಿಯುತ್ತಾ ಅವರು ಮೆಲ್ಲಗೆ ಹೇಳಿದರು:

"ಯಾರೂ ಬರಲ್ಲ ಅಂತ ಗೊತ್ತಾದ್ರೆ ರೂಮು ಹೋಗುತ್ತೆ ಅಂತ ಭಯ ಇತ್ತು ಸಾರ್. ಅದಕ್ಕೆ ಯಾರ್ಯಾರಿಗೆ ಏನು ಹಿಡಿಸುತ್ತೋ ಅದನ್ನೇ ಆರಿಸಿ, ಅವರವರ ಹೆಸರಲ್ಲಿ ನಾನೇ ಓದ್ತಿದ್ದೆ. ನಿಮಗೆ ಪತ್ತೇದಾರಿ ಅಲ್ವಾ?"

ಈ ಕಾದಂಬರಿಯನ್ನು ನನ್ನ ಕೈಗಿಟ್ಟರು. ನಾಚಿಕೆಯಾಯಿತು. ಆದರೂ ಅವರ ಮಾತನ್ನು ಪೂರ್ತಿ ನಂಬಲಿಲ್ಲ. ಅಷ್ಟೊಂದು ಪುಸ್ತಕವನ್ನು ಬೇರೆಯವರಿಗಾಗಿ ಯಾರು ಓದುತ್ತಾರೆ ಎಂದುಕೊಂಡೆ. ಪುಸ್ತಕ ತೆರೆಯದೆ ಪೆಟ್ಟಿಗೆಗೆ ಹಾಕಿದೆ. ಕೆಲವು ವರ್ಷಗಳ ಮೇಲೆ ಅವರು ತೀರಿಹೋದರೆಂದು ಯಾರೋ ಹೇಳಿದರು.

ನಿನ್ನೆ ಓದಿ ಮುಗಿಸಿದೆ. ನಡುವಿನ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದರು: 'ಇನ್ಶೂರೆನ್ಸ್‌ನವರಿಗೆ ಇಲ್ಲಿಗೇ ಕಳ್ಳ ಯಾರೆಂದು ತಿಳಿದುಬಿಡುತ್ತದೆ.'

ನನಗೆ ಕೊನೆಯ ಪುಟದವರೆಗೂ ತಿಳಿಯಲಿಲ್ಲ ಮೇಷ್ಟ್ರೇ... ಹಿಂದಿರುಗಿಸಿ ಹೇಳೋಣವೆಂದರೆ ಆ ಕೋಣೆಯೂ ಇಲ್ಲ, ನೀವೂ ಇಲ್ಲ.