ನೀಲಗಿರಿ ವಾಸನೆಯ ಗಿಣ್ಣು

ನೀಲಗಿರಿ ಎಣ್ಣೆಯ ವಾಸನೆ ನನಗೆ ಆಗುವುದಿಲ್ಲ. ನೆಗಡಿಯಾದಾಗ ಅಮ್ಮ ಬಿಸಿನೀರಿಗೆ ಅದರ ಹನಿ ಹಾಕಿ ಮುಸುಕು ಹೊದಿಸಲು ಬಂದರೆ ಎದ್ದು ಹೊರಗೆ ಹೋಗುತ್ತೇನೆ. ಓದಿದವಳ ನಾಜೂಕು ಎಂದು ಅವಳು ಅಂದುಕೊಂಡಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.

ನಮ್ಮೂರು ನಂದಗುಡಿಯಿಂದ ಒಳಗೆ. ನಮ್ಮ ಮನೆಗೂ ದೊಡ್ಡಮ್ಮನ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಗೋಡೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಇದ್ದ ಬಡಕಲು ಹಸುಗಳನ್ನು ಮಾರಿ, ಒಳ್ಳೆಯ ಜಾತಿಯ ಒಂದೇ ಸೀಮೆಹಸು ತಂದಿದ್ದರು. ಮಗ ಹೈವೇ ಪಕ್ಕದ ಗೋಡೌನಿನಲ್ಲಿ ಕೆಲಸಕ್ಕಿದ್ದ. ಅವನ ಸಂಬಳಕ್ಕೆ ಕೈಯೊಡ್ಡದೆ ಬದುಕುತ್ತೇನೆ ಎಂಬುದು ದೊಡ್ಡಮ್ಮನ ಹೆಮ್ಮೆ. ಆ ಹೆಮ್ಮೆ ನಿಂತಿದ್ದದ್ದು ಆ ಹಸುವಿನ ಕೆಚ್ಚಲಿನ ಮೇಲೆ.

ಹಸು ಕರು ಹಾಕುವ ಮೊದಲು ಕೆಚ್ಚಲು ಊದುವುದು ಸಹಜ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕರು ಹಾಕಿದ ಬೆಳಿಗ್ಗೆ ನಾನು ನೋಡಲು ಹೋದೆ. ಹಿಂದಿನ ಬಲಗಡೆಯ ಮೊಲೆ ಕೆಂಪೇರಿ, ಮುಟ್ಟಿದರೆ ಕಲ್ಲಿನಂತಿತ್ತು. ದೊಡ್ಡಮ್ಮ ಹಿಂಡಿದಾಗ ಮೊದಲು ಏನೂ ಬರಲಿಲ್ಲ. ಆಮೇಲೆ ಒಣಹುಲ್ಲಿನ ಬಣ್ಣದ ನೀರು ಬಂತು, ಅದರ ಹಿಂದೆ ದಾರದಂತೆ ಎಳೆ ಎಳೆಯಾಗಿ ಕೀವು. ಎಳೆಯೊಂದು ತುಂಡಾಗದೆ ಅವರ ಬೆರಳಿಗೆ ಅಂಟಿ ತೂಗಾಡಿತು. ಅವರು ಅದನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ಅದೇ ಕೈಯನ್ನು ಪಕ್ಕದ ಮೊಲೆಗೆ ಹಾಕಿದರು.

ಕೆಚ್ಚಲು ಬಾವು, ಡಾಕ್ಟರನ್ನು ಕರೆಸಿ ಎಂದು ನಾನು ಹೇಳುವ ಹೊತ್ತಿಗೆ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಬಾಟಲಿಯೊಂದನ್ನು ಹಿಡಿದು ಬಂದ. ತೋಪುಗಳ ಕಡೆ ಯಾರೋ ಡ್ರಮ್ಮಿನಲ್ಲಿ ನೀಲಗಿರಿ ಸೊಪ್ಪು ಬೇಯಿಸಿ ಎಣ್ಣೆ ಇಳಿಸಿ ಮಾರುತ್ತಿದ್ದರು. ಹೆಂಡದ ಕ್ವಾರ್ಟರ್ ಬಾಟಲಿ, ಚೀಟಿಯನ್ನು ಅರ್ಧ ಕೆರೆದು ತೆಗೆದಿದ್ದರು. ಅದನ್ನು ಹಚ್ಚಿದರೆ ಬಾವು ಇಳಿಯುತ್ತದೆ ಎಂದು ಅವನು ಫೋನಿನಲ್ಲಿ ನೋಡಿದ್ದನಂತೆ.

"ಇಂಜೆಕ್ಷನ್ ಹಾಕ್ಸಿದ್ರೆ ಡೈರೀಲಿ ಹಾಲು ತಗೊಳಲ್ಲ ಕಣಮ್ಮ," ಅಂದ. "ಇದು ಗಿಡದ್ದು. ಎಣ್ಣೆ ಹಾಕಿದ್ರೆ ಕ್ರಿಮಿ ಸಾಯ್ತದೆ ಅಂತ ನೀನೂ ಅದನ್ನೇ ತಾನೆ ಓದಿದ್ದು?"

ಎಂ.ಎಸ್ಸಿ.ಯಲ್ಲಿ ನಾನು ಮಾಡಿದ್ದು ಅದೇ ಕೆಲಸ. ಬಾವು ಬಂದ ಹಸುಗಳ ಹಾಲಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನೋ ನೀಲಗಿರಿ ಎಣ್ಣೆಯನ್ನೋ ಇಡುತ್ತಿದ್ದೆವು. ಮಾರನೆಯ ದಿನ ಸುತ್ತ ಏನೂ ಬೆಳೆಯದ ಸ್ವಚ್ಛ ವೃತ್ತ. ನೋಡಲು ಚೆಂದ. ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲು ಕೆಲವು ದಿನ ಜನರ ಹೊಟ್ಟೆಗೆ ಹೋಗಬಾರದು ಎಂಬುದೂ ಸರಿ. ಅಣ್ಣನ ಮಾತಿನಲ್ಲಿ ಪೂರ್ತಿ ಸುಳ್ಳು ಇರಲಿಲ್ಲ.

"ಗಾಜಿನ ತಟ್ಟೇಲಿ ಸಾಯೋದೆಲ್ಲ ಕೆಚ್ಚಲಲ್ಲಿ ಸಾಯಲ್ಲ ಅಣ್ಣ," ಅಂದೆ. "ತಟ್ಟೆಗೆ ಉರಿ ಆಗಲ್ಲ. ಹಸೂಗೆ ಆಗತ್ತೆ."

"ಹಂಗಾದ್ರೆ ಹಸೂಗೆ ಹೇಳ್ಕೊಡು, ತಟ್ಟೆ ಥರ ಸುಮ್ನಿರು ಅಂತ."

ದೊಡ್ಡಮ್ಮ ನಕ್ಕರು. ಅವನು ಏನೂ ಬೆರೆಸದೆ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಕೆಚ್ಚಲಿಗೆಲ್ಲ ತಿಕ್ಕಿದ. ಹಾಲು ಕುಡಿಯಲು ಬಂದ ಕರು ಮೂಸಿ, ಸೀನಿ, ತಲೆ ಕೊಡವಿಕೊಂಡು ದೂರ ಹೋಗಿ ನಿಂತಿತು. ಮಧ್ಯಾಹ್ನ ಅವನು ಸೂಜಿ ತೆಗೆದ ಸಿರಿಂಜಿನಲ್ಲಿ ಅದೇ ಎಣ್ಣೆ ತುಂಬಿ ಮೊಲೆಯ ಒಳಕ್ಕೇ ಬಿಟ್ಟ. ಹಸು ಒದೆಯಿತು, ಗೂಟಕ್ಕೆ ಬಡಿದುಕೊಂಡಿತು. ಗೋಡೆಯ ಈಚೆ ನಾನು ಊಟಕ್ಕೆ ಕೂತಿದ್ದೆ. ಕೀವು, ಸಗಣಿ, ನೀಲಗಿರಿ, ಮೂರೂ ಸೇರಿದ ವಾಸನೆ ಹೆಂಚಿನ ಸಂದಿಯಿಂದ ಇಳಿದು ಸಾರಿನ ಮೇಲೆ ಕೂತಂತೆ ಅನಿಸುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ.

ಹಸು ಕರು ಹಾಕಿದರೆ ಮೊದಲ ದಿನಗಳ ಹಾಲಿನಲ್ಲಿ ಗಿಣ್ಣು ಮಾಡಿ ಮನೆಮನೆಗೂ ಕೊಡುವುದು ನಮ್ಮಲ್ಲಿ ಪದ್ಧತಿ. ಹಸು ತುಂಬು ಗಬ್ಬವಾಗಿದ್ದಾಗ ಹೆಂಗಸರು ಅದರ ಕೆಚ್ಚಲನ್ನು ಹೊಗಳಿದ್ದರು. ಬಾವು ಬಂದಿದ್ದು ಆ ಕಣ್ಣಿನಿಂದಲೇ ಎಂದು ದೊಡ್ಡಮ್ಮ ತೀರ್ಮಾನಿಸಿದರು. ಕಣ್ಣು ಹಾಕಿದವರ ಬಾಯಿಗೆ ಆ ಕೆಚ್ಚಲಿನ ಗಿಣ್ಣು ಬಿದ್ದರೆ ದೃಷ್ಟಿ ಇಳಿಯುತ್ತದೆ. ಹಾಕಿದವರು ಯಾರೆಂದು ಗೊತ್ತಿಲ್ಲವಾದ್ದರಿಂದ ಒಂದು ಮನೆಯನ್ನೂ ಬಿಡುವಂತಿರಲಿಲ್ಲ.

ನಾಲ್ಕೂ ಮೊಲೆಯ ಹಾಲು ಒಂದೇ ಪಾತ್ರೆಗೆ ಬೀಳುವುದನ್ನು ಕಂಡು, ಆ ಒಂದನ್ನಾದರೂ ಬಿಡಿ ಎಂದು ಬೇಡಿಕೊಂಡೆ.

"ಅದನ್ನ ಬಿಟ್ರೆ ಅದಕ್ಕೆ ಹತ್ತಿದ ಕಣ್ಣು ಇಳಿಯೋದು ಹೆಂಗೆ?" ಅಂದರು ದೊಡ್ಡಮ್ಮ. ಅವರಿಗೆ ನನ್ನ ಪೆದ್ದುತನದ ಬಗ್ಗೆ ನಿಜವಾಗಿಯೂ ಮರುಕವಿತ್ತು.

ಗಿಣ್ಣು ಹೇಗೂ ಗರಣೆ ಗರಣೆಯಾಗಿ ಒಡೆದ ಹಾಲು. ಅದರಲ್ಲಿ ಹಾಲಿನದು ಯಾವುದು, ಕೀವಿನದು ಯಾವುದು ಎಂದು ಯಾರು ಹೇಳಬಲ್ಲರು? ಬೆಲ್ಲ ಹಾಕಿದರು, ಏಲಕ್ಕಿ ಕುಟ್ಟಿ ಹಾಕಿದರು. ಏಲಕ್ಕಿಯ ಕೆಳಗಿನಿಂದ ನೀಲಗಿರಿ ಏಳುತ್ತಲೇ ಇತ್ತು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಅದು ಬಿಟ್ಟುಹೋದ ವಿಷ ಎಲ್ಲ ಸಲವೂ ಸಾಯುವುದಿಲ್ಲ. ಇದನ್ನು ಓದಿ ತಿಳಿದಿದ್ದವಳು ಬೀದಿಯಲ್ಲಿ ನಾನೊಬ್ಬಳೇ, ಮತ್ತು ಬಟ್ಟಲುಗಳು ಒಂದೊಂದೇ ಮನೆಯೊಳಗೆ ಹೋಗುವುದನ್ನು ನೋಡುತ್ತಾ ಜಗಲಿಯ ಮೇಲೆ ನಿಂತಿದ್ದೆ. ಎದುರು ಮನೆಯ ಅಜ್ಜಿಗೆ ಹೋಗಿ ಹೇಳಿದೆ, ತಿನ್ನಬೇಡಿ, ಹಸುವಿಗೆ ಹುಷಾರಿಲ್ಲ ಎಂದು. ಅವರಾಗಲೇ ಬೆರಳು ನೆಕ್ಕುತ್ತಿದ್ದರು.

"ಏನಾಕವ್ಳೋ ನಿಮ್ಮ ದೊಡ್ಡಮ್ಮ," ಅಂದರು. "ಕಟ್ಟಿದ್ದ ಎದೆ ಬಿಟ್ಟಂಗಾಯ್ತು ಕಣವ್ವ."

ನಮ್ಮ ಮನೆಗೆ ಬಂದ ಬಟ್ಟಲುಗಳಲ್ಲಿ ಒಂದನ್ನು ಅಮ್ಮ ತೆಗೆದುಕೊಂಡಳು. ಓರಗಿತ್ತಿಯ ಮನಸ್ಸು ನೋಯಬಾರದೆಂದು ನನ್ನ ಕಡೆ ನೋಡದೆ ತಿಂದು ಮುಗಿಸಿದಳು. ನನ್ನ ಬಟ್ಟಲನ್ನು ನಾನು ಮುಟ್ಟಲಿಲ್ಲ. ಬೇಡ ದೊಡ್ಡಮ್ಮ, ನನಗೆ ಆಗುವುದಿಲ್ಲ ಎಂದಷ್ಟೇ ಹೇಳಿದೆ. ಅವರು ತುಂಬಿದ ಬಟ್ಟಲನ್ನು ಹಾಗೆಯೇ ವಾಪಸ್ಸು ತೆಗೆದುಕೊಂಡು ಹೋದರು.

ಮಾರನೆಯ ದಿನ ಹಸು ಮೇವು ಮುಟ್ಟಲಿಲ್ಲ. ಮೈ ಸುಡುತ್ತಿತ್ತು, ಆ ಮೊಲೆ ಮಾತ್ರ ತಣ್ಣಗೆ, ನೀಲಿಯಾಗಿತ್ತು. ನಾನೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬಂದು ಹಿಂಡಿದಾಗ ಬಂದದ್ದನ್ನು ಬರೆಯಲು ಮನಸ್ಸಾಗುವುದಿಲ್ಲ. ಸತ್ತ ಇಲಿಯ ವಾಸನೆ, ಅದರ ಮೇಲೆ ಔಷಧಿ ಅಂಗಡಿಯ ವಾಸನೆ. ಡಾಕ್ಟರು ತಮ್ಮ ಬೆರಳು ಮೂಸಿಕೊಂಡು, ಒಳಗೆ ಏನು ಬಿಟ್ಟಿದ್ದೀರಿ ಎಂದು ಕೇಳಿದರು. ಅಣ್ಣ ಕರುವಿನ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ.

"ಏನೂ ಬಿಟ್ಟಿಲ್ಲ ಸಾರ್," ಅಂದರು ದೊಡ್ಡಮ್ಮ. "ಕಣ್ಣು ಬಿದ್ದೈತೆ."

ಹಸು ಉಳಿಯುತ್ತದೆ, ಆ ಮೊಲೆ ಉಳಿಯುವುದಿಲ್ಲ ಎಂದರು ಡಾಕ್ಟರು. ವಾಸನೆಯಿಂದಲೇ ಅವರಿಗೆ ಗೊತ್ತಾಗಿತ್ತು: ಎಣ್ಣೆ ಹಾಕದಿದ್ದರೂ ಹೋಗುತ್ತಿತ್ತೇನೋ; ಹಾಕಿದ್ದರಿಂದ ಒಳಗೆಲ್ಲ ಸುಟ್ಟಿದೆ. ಇದನ್ನು ದೊಡ್ಡಮ್ಮ ಕೇಳಿಸಿಕೊಳ್ಳಲಿಲ್ಲ. ಅವರು ನನ್ನನ್ನು ನೋಡುತ್ತಿದ್ದರು. ಸಂಜೆ ಡೈರಿಯ ಮುಂದೆ ಅವರು ಹೇಳಿದ ಮಾತು ಅಮ್ಮನ ಮೂಲಕ ನನಗೆ ತಲುಪಿತು: ಊರೆಲ್ಲಾ ತಿಂತು, ಒಂದು ಬಟ್ಟಲು ಮಾತ್ರ ವಾಪಸ್ ಬಂತು.

ಹೀಗೆ ಆ ಮೊಲೆ ನನ್ನ ಲೆಕ್ಕಕ್ಕೆ ಸೇರಿತು. ಅದು ಒಣಗಿದ ಬದನೆಕಾಯಿಯ ತೊಟ್ಟಿನಂತೆ ಸುರುಟಿಕೊಂಡಿತು. ಹಾಲು ಕಡಿಮೆಯಾಯಿತು, ದೊಡ್ಡಮ್ಮ ಸೊಪ್ಪು ಬಿಡಿಸುವ ಕೂಲಿಗೆ ಹೋಗತೊಡಗಿದರು, ಮಗನ ಮುಂದೆ ಮಾತ್ರ ಕೈಯೊಡ್ಡಲಿಲ್ಲ.

ಈ ವರ್ಷ ಹಸು ಮತ್ತೆ ಕರು ಹಾಕಿತು. ದೊಡ್ಡಮ್ಮ ಬೇರೆ ಯಾರ ಮನೆಗೂ ಹೋಗುವ ಮೊದಲು ಗಿಣ್ಣಿನ ಬಟ್ಟಲು ಹಿಡಿದು ನನ್ನ ಎದುರು ನಿಂತರು. ಕೂಲಿಯಿಂದ ಅವರ ಬೆರಳುಗಳು ಹಸಿರುಗಪ್ಪಾಗಿದ್ದವು.

"ಇರೋ ಮೂರನ್ನಾದ್ರೂ ಉಳಿಸ್ಕೊಡು ತಾಯಿ," ಅಂದರು. "ತಿನ್ನು."

ಮೊದಲು ಹಸು ನೋಡಬೇಕು ಅಂದೆ. ಕೀವಿನ ಎಳೆ ಇದ್ದರೆ ಎದ್ದು ಕಾಣಲೆಂದು ಕರಿ ರೊಟ್ಟಿ ಹೆಂಚನ್ನು ಕೊಟ್ಟಿಗೆಗೆ ಒಯ್ದು, ಮೂರೂ ಮೊಲೆಯಿಂದ ಅದರ ಮೇಲೆ ಹಿಂಡಿ ಬೆಳಕಿಗೆ ಹಿಡಿದೆ. ದಪ್ಪ ಹಳದಿ ಹಾಲು. ಎಳೆಯಿಲ್ಲ, ಗಂಟಿಲ್ಲ, ಬೇರೆ ವಾಸನೆಯಿಲ್ಲ. ಕೈ ತೊಳೆದು ಬಂದು ಬಟ್ಟಲು ತೆಗೆದುಕೊಂಡೆ.

ಒಳ್ಳೆಯ ಗಿಣ್ಣು. ಆದರೂ ಬಾಯಿಗೆ ಇಟ್ಟೊಡನೆ, ಅದರಲ್ಲಿಲ್ಲದ ನೀಲಗಿರಿ ಗಂಟಲಿಗೆ ಹತ್ತಿತು. ಉಗುಳುವಂತಿರಲಿಲ್ಲ. ದೊಡ್ಡಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ತುತ್ತು ಇಳಿಯುವುದನ್ನು ಕಾಯುತ್ತಾ ನನ್ನ ಗಂಟಲನ್ನೇ ನೋಡುತ್ತಿದ್ದರು.