ಅತ್ತಿಗೆಮ್ಮನ ಕಾಲಿಗೆ ಗೊತ್ತಿದ್ದ ಹಿತ್ತಲು

ಚಿತ್ರದುರ್ಗ ಜಿಲ್ಲೆ ಅಂದರೆ ಬರೀ ಬಂಡೆ, ಬಿಸಿಲು, ಒಣಹವೆ ಅಂತ ಮಾತಾಡುವವರನ್ನು ಶ್ರಾವಣದಲ್ಲಿ ಹೊಳಲ್ಕೆರೆಯ ನಮ್ಮ ಮನೆಗೆ ಕರೆತಂದು, ಹಿತ್ತಲಲ್ಲಿ ಬರಿಗಾಲಲ್ಲಿ ನಿಲ್ಲಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮದು ಹಳೇ ಮನೆ, ತಗ್ಗಿನ ಜಾಗ. ಕೆರೆ ಏರಿಯ ಕಡೆಯಿಂದ ನೀರು ಜಿನುಗುತ್ತಲೇ ಇರುತ್ತದೆ. ಹಿತ್ತಲ ತುಂಬ ನೆರಳು ಹರಡಿದ ಹೊಂಗೆಮರ ನಮ್ಮ ಮಾವನ ಕಾಲದ್ದು. ಪಕ್ಕದವರು ಮೂರಂತಸ್ತು ಎಬ್ಬಿಸಿದ ಮೇಲೆ ಉಳಿದಿದ್ದ ಒಂದು ಹಿಡಿ ಬಿಸಿಲೂ ಹೋಯಿತು. ಮಳೆ ಹಿಡಿದರೆ ದೀಪಾವಳಿವರೆಗೂ ನೆಲ ಆರುವುದಿಲ್ಲ. ಒಣಗಲು ಹಾಕಿದ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ, ನೆಲಕ್ಕೆ ಕಪ್ಪು ಹಸಿರು ಪಾಚಿ ಕಟ್ಟುತ್ತದೆ. ಸುಣ್ಣ ಚೆಲ್ಲಿದೆ, ಬ್ಲೀಚಿಂಗ್ ಪೌಡರ್ ಹಾಕಿದೆ, ತೆಂಗಿನ ನಾರು ಹಿಡಿದು ಉಜ್ಜಿದೆ. ಎಂಟು ದಿನಕ್ಕೆ ಮತ್ತೆ ಅದೇ ಪಾಚಿ.

ಆ ಹಿತ್ತಲು ನನ್ನದಲ್ಲ, ಅತ್ತಿಗೆಮ್ಮನದು. ಅತ್ತಿಗೆಮ್ಮ ಅಂದರೆ ನಮ್ಮ ಮನೆಯವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದವರು ಮತ್ತೆ ಎಲ್ಲೂ ಹೋಗಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡಲು ಹೋಗುತ್ತಿದ್ದ ಅಷ್ಟೂ ವರ್ಷ ನನ್ನ ಮನೆ ನಡೆದದ್ದು ಅವರ ಕೈಯಲ್ಲಿ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದು, ತುಳಸಿ ಕಟ್ಟೆಯ ಸುತ್ತ ಸಗಣಿ ನೀರು ಹಾಕಿ ಸಾರಿಸಿ, ರಂಗೋಲಿ ಎಳೆದು, ತುಳಸಿಗೆ ಒಂದು ಚೊಂಬು ನೀರೆರೆದು ಬಂದ ಮೇಲೆಯೇ ಅವರಿಗೆ ಕಾಫಿ. ತುಳಸಿ ಇರುವ ಜಾಗ ಅಂತ ಆ ಹಿತ್ತಲಲ್ಲಿ ಯಾರೂ ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ. ಮಳೆ ಇರಲಿ, ಚಳಿ ಇರಲಿ, ಬರಿಗಾಲೇ.

ಕಣ್ಣೊಳಗೆ ಒತ್ತಡ ಏರುವ ಕಾಯಿಲೆ ಅವರದು. ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು. ಹೋದ ನೋಟ ವಾಪಸ್ ಬರಲ್ಲ, ಇರುವಷ್ಟು ಉಳಿಸಿಕೊಳ್ಳೋಣ ಅಂದರು ಡಾಕ್ಟರು. ಅದೂ ಉಳಿಯಲಿಲ್ಲ. ಈಗ ಬೆಳಕು ಯಾವ ಕಡೆ, ನೆರಳು ಯಾವ ಕಡೆ ಅನ್ನುವಷ್ಟು ತಿಳಿಯುತ್ತದೆ, ಅಷ್ಟೇ. ಆದರೂ ಹಿತ್ತಲ ಕೆಲಸ ಬಿಡಲಿಲ್ಲ. ರಂಗೋಲಿ ಮಾತ್ರ ನಾಲ್ಕು ಗೆರೆಗೆ ಇಳಿಯಿತು. "ಕಣ್ಣು ಹೋದ್ರೆ ಹೋಗ್ಲಿ ಬಿಡಮ್ಮ, ಕಾಲು ಐತಲ್ಲ" ಅನ್ನುತ್ತಿದ್ದರು. ನಾನು ಅದನ್ನು ಧೈರ್ಯದ ಮಾತು ಅಂದುಕೊಂಡಿದ್ದೆ. ಅದರಲ್ಲಿ ಬೇರೆ ಅರ್ಥವೂ ಇದೆ ಅಂತ ಹೊಳೆಯಲೇ ಇಲ್ಲ.

ಹೋದ ಮಳೆಗಾಲದಲ್ಲಿ ಬಚ್ಚಲು ನೀರು ಹರಿಯುವ ಕಡೆ ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಎಡಗೈ ಮುಂಗೈ ಮೂಳೆ ಮುರಿಯಿತು. ಪಟ್ಟಿ ಹಾಕಿಸಿ ಕರಕೊಂಡು ಬಂದ ದಿನವೇ ನಮ್ಮ ಮನೆಯವರು ಹಿತ್ತಲ ಬಾಗಿಲಿಗೆ ಮೇಲಿನ ಚಿಲಕ ಹಾಕಿ, "ಅಕ್ಕಾ, ಇನ್ಮೇಲೆ ನೀನು ಒಬ್ಬಳೇ ಹಿಂದಕ್ಕೆ ಹೋಗಂಗಿಲ್ಲ" ಅಂದರು. ಅತ್ತಿಗೆಮ್ಮ ಎದುರಾಡಲಿಲ್ಲ. ಬಾಯಿ ಮಾಡಿದ್ದರೆ ಚೆನ್ನಾಗಿತ್ತು. ಪಡಸಾಲೆಯ ಮಂಚದ ತುದಿಗೆ ಕೂತರು, ಕೂತೇ ಇದ್ದರು. ಬೆಳಿಗ್ಗೆ ಕಾಫಿ ಕೊಟ್ಟರೆ, "ತುಳಸಿಗೆ ನೀರು ಹಾಕಿದ್ಯೇನಮ್ಮ" ಅಂತ ಕೇಳಿ, ನಾನು ಹಾಕಿದೆ ಅಂದ ಮೇಲೆ ಲೋಟ ತಗೊಳ್ಳುವರು. ಕೈ ಮೂಳೆ ಕೂಡಿತು. ಆದರೆ ಅವರ ದನಿಯೇ ಸಣ್ಣಗಾಗಿತ್ತು. ಹೀಗೇ ಬಿಟ್ಟರೆ ಈ ಹೆಂಗಸು ಮಂಚದಲ್ಲೇ ಮುಗಿದು ಹೋಗುತ್ತಾಳೆ ಅನ್ನುವ ಹೆದರಿಕೆ ನನಗೆ ಹಿಡಿಯಿತು.

ಹಿರಿಯೂರಿನ ಹತ್ತಿರ ಹೈವೇ ಹೋಟೆಲೊಂದರಲ್ಲಿ ಚಹಾ ಕುಡಿಯಲು ಇಳಿದಾಗ ಮೊದಲ ಸಲ ಅಂಗಳಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕಾಲಿಟ್ಟೆ. ಆಗ ತಾನೇ ನೀರು ಹೊಡೆದು ತೊಳೆದಿದ್ದರು. ಚಪ್ಪಲಿ ಬಿಟ್ಟು ಹಿಮ್ಮಡಿ ಒತ್ತಿ ನೋಡಿದೆ. ಚೂರೂ ಜಾರಲಿಲ್ಲ. ನಮ್ಮ ಮನೆಯವರು ಆಚೀಚೆ ನೋಡಿ, "ಎಲ್ಲಾ ನೋಡ್ತಿದಾರೆ ಕಣೇ" ಅಂದರು. ನೋಡಲಿ ಅಂದೆ. ನನ್ನದು ಮೊದಲೇ ಮೂಗಿನ ತುದಿಯ ಕೋಪ, ಹಿಡಿದರೆ ಬಿಡದ ಹಟ. ಊರು ಸೇರುವಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು.

ದುರ್ಗದಿಂದ ಬಂದ ಹುಲ್ಲಿನ ಮೇಸ್ತ್ರಿ ಒಳ್ಳೆಯವನು, ಬಾಯಿಗೆ ಬಂದದ್ದು ಹೇಳಿ ಒಪ್ಪಿಸುವ ಜನ ಅಲ್ಲ. ಹಿತ್ತಲನ್ನು ಎರಡು ಸುತ್ತು ಹಾಕಿ, ಮರ ನೋಡಿ, ಪಕ್ಕದ ಗೋಡೆ ನೋಡಿ, "ಮೇಡಂ, ಬಿಸಿಲು ಬೀಳದ ಜಾಗ ಇದು. ಹುಲ್ಲು ಹಾಸೋದೇನು ದೊಡ್ಡದಲ್ಲ. ಕೆಳಗೆ ನೀರು ಹೋಗಕೆ ದಾರಿ ಮಾಡ್ದೆ ಹಾಸಿದ್ರೆ ಆರು ತಿಂಗಳಿಗೆ ನಾರ್ತೈತೆ" ಅಂದ. ಮಣ್ಣು ಅರ್ಧ ಅಡಿ ತೆಗೆಯಬೇಕು, ಜಲ್ಲಿ ಹಾಕಬೇಕು, ಮೇಲೆ ಕಲ್ಲುಪುಡಿ ಹಾಕಿ ದಮ್ಮಸ್ಸು ಬಡಿದು ಗಟ್ಟಿ ಮಾಡಬೇಕು, ಚರಂಡಿ ಕಡೆಗೆ ಇಳಿಜಾರು ಕೊಡಬೇಕು. ಆಮೇಲೆ ಕಳೆ ಬರದ ಹಾಗೆ ಕಪ್ಪು ಬಟ್ಟೆ, ಅದರ ಮೇಲೆ ಹುಲ್ಲು. "ಹೊಂಗೆ ಹೂವು, ಎಲೆ ದಿನಾ ಗುಡಿಸ್ಬೇಕು. ಸಗಣಿ ನೀರು ಮಾತ್ರ ಬೀಳಂಗಿಲ್ಲ" ಅಂತಲೂ ಹೇಳಿದ. ಎಲ್ಲಕ್ಕೂ ಹೂಂ ಅಂದೆ.

ಅವನು ಒಂದು ಮಾತು ಕೇಳಿದ್ದ. ಬಾಗಿಲಿನಿಂದ ಸಾಲಾಗಿ ಹಳೇ ಚಪ್ಪಡಿ ಕಲ್ಲುಗಳಿದ್ದವು, ಒಂದು ಮೇಲೆ ಒಂದು ಕೆಳಗೆ. ಅವು ಮುಗಿಯುವಲ್ಲಿ ಹೊಂಗೆಯ ಬೇರೊಂದು ಮುಂಗೈ ಗಾತ್ರ ಮೇಲೆದ್ದು ದಾರಿಗೆ ಅಡ್ಡ ಮಲಗಿತ್ತು. "ದಾರಿ ಕಲ್ಲು ಹಂಗೇ ಉಳಿಸಿ ಸುತ್ತ ಹಾಸ್ಲಾ? ಬೇರಿನ ಜಾಗ ಬಿಟ್ಟು ಹುಲ್ಲು ಕತ್ತರಿಸ್ಲಾ?" ಅಂದ. ನಾನು ಯೋಚನೆಯನ್ನೇ ಮಾಡಲಿಲ್ಲ. "ಎಲ್ಲಾ ತೆಗೆದುಬಿಡ್ರಿ. ಕಣ್ಣು ಕಾಣದವರು ಓಡಾಡೋ ಜಾಗ. ಎಡವೋ ಅಂಥದ್ದು ಒಂದೂ ಇರಬಾರ್ದು" ಅಂದೆ. ಒಂದು ಬೇರು ಕಡಿದರೆ ಅಷ್ಟು ದೊಡ್ಡ ಮರಕ್ಕೆ ಏನೂ ಆಗಲ್ಲ ಅಂತ ಅವನೂ ಒಪ್ಪಿದ.

ಹಾರೆ ಕಲ್ಲಿಗೆ ತಾಗುವ ಸದ್ದು ಕೇಳಿ ಅತ್ತಿಗೆಮ್ಮ ಗೋಡೆ ಹಿಡಿದು ಬಾಗಿಲವರೆಗೆ ಬಂದರು. "ಆ ಕಲ್ಲು ತೆಗೀತಿದಾರೇನಮ್ಮ?" ಅಂದರು. "ಹೂಂ ಅತ್ತಿಗೆಮ್ಮ, ನಿಮಗೆ ಎಡವದಂಗೆ ಮಾಡ್ತಿದೀವಿ" ಅಂದೆ, ದೊಡ್ಡ ಉಪಕಾರ ಮಾಡುವವಳ ಗತ್ತಿನಲ್ಲಿ. "ನಾನ್ಯಾವತ್ತು ಎಡವಿದ್ನೆ?" ಅಂದರು. ಆಮೇಲೆ ಬೇರಿಗೆ ಕೊಡಲಿ ಏಟು ಬಿದ್ದಾಗ ಒಳಗೆ ಹೋಗಿಬಿಟ್ಟರು. ಆ ಪ್ರಶ್ನೆಗೆ ಉತ್ತರ ಹುಡುಕುವ ವ್ಯವಧಾನ ನನಗಿರಲಿಲ್ಲ. ಅವರು ಜಾರಿದ್ದು ಪಾಚಿಗೆ. ಕಲ್ಲಿಗಾಗಲಿ ಬೇರಿಗಾಗಲಿ ಅವರು ಒಂದು ದಿನವೂ ಎಡವಿರಲಿಲ್ಲ.

ಮೂರು ದಿನದಲ್ಲಿ ಕೆಲಸ ಮುಗಿಯಿತು. ಗೋಡೆಯಿಂದ ಗೋಡೆಗೆ ಸಮವಾಗಿ ಹಸಿರು. ಒಂದು ಜೋರು ಮಳೆ ಬಂತು, ನೀರು ನಿಲ್ಲದೆ ಚರಂಡಿಗೆ ಇಳಿಯಿತು, ನಾನು ಬಾಗಿಲಲ್ಲಿ ನಿಂತು ನೋಡಿ ಹಿಗ್ಗಿದೆ. ಹೊಸದುರ್ಗದಿಂದ ಬಂದ ನನ್ನ ತಂಗಿ ಫೋನಿನಲ್ಲಿ ಫೋಟೊ ಹೊಡಕೊಂಡಳು. ಮೇಲಿನ ಚಿಲಕ ತೆಗೆದೆವು. ಅತ್ತಿಗೆಮ್ಮ ನನ್ನ ಕೈ ಹಿಡಿದು ಮೊದಲ ಹೆಜ್ಜೆ ಇಟ್ಟು, ಪಾದ ಆಡಿಸಿ, "ಎಮ್ಮೆಕರು ಮೈ ಮುಟ್ಟಿದಂಗೈತಲ್ಲೇ" ಅಂತ ನಕ್ಕರು. ಬಹಳ ದಿನದ ಮೇಲೆ ಕೇಳಿದ ನಗು ಅದು.

ನಾಲ್ಕನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಕಿಟಕಿಯಿಂದ ನೋಡಿದರೆ ಅತ್ತಿಗೆಮ್ಮ ಕಾಂಪೌಂಡ್ ಗೋಡೆ ಹತ್ತಿರ ನಿಂತಿದ್ದಾರೆ, ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ತುಳಸಿ ಇರುವುದು ಅದಕ್ಕೆ ಪೂರಾ ವಿರುದ್ಧ ದಿಕ್ಕಿನಲ್ಲಿ. ತಿರುಗಿದರು, ನಾಲ್ಕು ಹೆಜ್ಜೆ ನಡೆದರು, ನಿಂತರು, ಮತ್ತೆ ತಿರುಗಿದರು. ನನ್ನನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಕೊನೆಗೆ ಚೊಂಬು ಮಡಿಲಲ್ಲಿಟ್ಟುಕೊಂಡು ನಿಂತಲ್ಲೇ ಕೂತುಬಿಟ್ಟರು. ನಾನು ಓಡಿ ಹೋಗಿ, "ಇಲ್ಯಾಕೆ ಕುಂತ್ರಿ?" ಅಂದರೆ, "ಸುಮ್ನೆ ಕಣಮ್ಮ, ತಂಪೈತಲ್ಲ" ಅಂದರು. ಮಾರನೇ ದಿನ ಮಂಡಿನೋವು ಅಂದರು. ಅದರ ಮಾರನೇ ದಿನವೂ ಮಂಡಿನೋವು. ಮತ್ತೆ ಅದೇ ಮಂಚದ ತುದಿ.

ನನಗೆ ರೇಗಿತು. ಹೇಳಲು ನಾಚಿಕೆ, ಆದರೆ ರೇಗಿದ್ದು ನಿಜ. "ಇಷ್ಟು ಒದ್ದಾಡಿ ಮಾಡಿಸಿದ್ದು ಯಾರಿಗೋಸ್ಕರ ಅತ್ತಿಗೆಮ್ಮ? ನಿಮಗೆ ಬೇಡದಿದ್ರೆ ಮೊದಲೇ ಹೇಳ್ಬಾರ್ದಿತ್ತಾ?" ಅಂದೆ. ಅವರು ಸೆರಗಿನ ಅಂಚು ಮಡಿಸಿಕೊಂಡರು.

"ಬೇಡ ಅಂದಿಲ್ಲಮ್ಮ. ಹುಲ್ಲು ಮೆತ್ತಗೈತೆ, ಚೆನ್ನಾಗೈತೆ. ಆದ್ರೆ ಅಲ್ಲಿ ಹೋದ್ರೆ ನಾನೆಲ್ಲಿದೀನಿ ಅಂತ ನನಗೆ ತಿಳಿಯಲ್ಲ. ಮೊದ್ಲು ಬಾಗಿಲು ದಾಟಿದ್ರೆ ತರಿತರಿ ಕಲ್ಲು, ಆಮೇಲೆ ಅಲುಗಾಡೋ ಕಲ್ಲು. ಎಡಗಾಲಿಗೆ ತಣ್ಣಗಾದ್ರೆ ಬಚ್ಚಲು ನೀರಿನ ಕಡೆ ಬಂದೆ ಅಂತ. ಬೇರು ಸಿಕ್ಕಿದ್ರೆ ದಾಟಿ ಬಲಕ್ಕೆ ತಿರುಗೋದು. ಆಮೇಲೆ ನುಣ್ಣಗೆ ಸಾರಿಸಿದ ನೆಲ, ಅಲ್ಲಿ ತುಳಸಿ. ಈಗ ಎತ್ತ ಕಾಲಿಟ್ರೂ ಒಂದೇ."

ಅಷ್ಟೇ ಹೇಳಿದರು. ದೂರು ಹೇಳುವ ದನಿ ಕೂಡ ಅಲ್ಲ, ಅಂಗಡಿಗೆ ದಾರಿ ಹೇಳಿದ ಹಾಗೆ. ನಾನು ಎದ್ದು ಹಿತ್ತಲಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಬಾಗಿಲಿನಿಂದ ತುಳಸಿಗೆ ಹೊರಟೆ. ಮೂವತ್ತು ವರ್ಷ ಮಕ್ಕಳಿಗೆ ಸರಳರೇಖೆ ಹೇಳಿಕೊಟ್ಟವಳು ನಾನು. ಹೊಂಗೆಮರಕ್ಕೆ ಹೋಗಿ ಹಣೆ ಚಚ್ಚಿಕೊಂಡೆ. ಕಣ್ಣು ಬಿಡದೆ ಹಾಗೇ ನಿಂತೆ, ಅಳು ಬಂತು. ಈ ಮನೆಯಲ್ಲಿ ಅವರಿಗೆ ಉಳಿದಿದ್ದ ಒಂದೇ ದಾರಿಯನ್ನು ನನ್ನ ಕೈಯಾರೆ ಕೀಳಿಸಿ, ಅದರ ಮೇಲೆ ಹಸಿರು ಹೊದಿಸಿದ್ದೆ. ಜಾರಬಾರದು ಅನ್ನುವುದೊಂದನ್ನೇ ಹಿಡಿದಿದ್ದೆ, ಅವರು ನಡೆಯುವುದು ಹೇಗೆ ಅಂತ ಒಂದು ಮಾತು ಕೇಳಿರಲಿಲ್ಲ.

ಮೇಸ್ತ್ರಿಗೆ ಫೋನ್ ಮಾಡಿದೆ. ಬಂದವನು ಮೊದಲು, "ಹೊಸಾ ಹುಲ್ಲು ಕತ್ತರಿಸ್ಬೇಕಾ ಮೇಡಂ?" ಅಂತ ಮುಖ ಸಣ್ಣದು ಮಾಡಿಕೊಂಡ. ವಿಷಯ ತಿಳಿದ ಮೇಲೆ ಚಾಕು ತೆಗೆದ. ಪುಣ್ಯಕ್ಕೆ ಕಿತ್ತ ಚಪ್ಪಡಿಗಳನ್ನು ಕಾಂಪೌಂಡ್ ಹೊರಗೆ ಒಟ್ಟಿದ್ದರು. ಒಂದು ಮಾತ್ರ ಒಡೆದಿತ್ತು. ನಮ್ಮ ಮನೆಯವರು ಮಂಚದಿಂದ ಅತ್ತಿಗೆಮ್ಮನನ್ನು ಕರಕೊಂಡು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದರು. ಆವತ್ತಿಡೀ ಅಲ್ಲಿ ಮೇಸ್ತ್ರಿ ಅವರೇ.

"ಇದು ಮೊದಲ್ನೇ ಕಲ್ಲಲ್ಲಪ್ಪ, ಇದು ನುಣ್ಣಗೈತೆ. ತರಿ ಇರೋದು ತಗಂಬಾ." ಕಲ್ಲು ಇಟ್ಟಾಗೆಲ್ಲ ಎದ್ದು ಹೋಗಿ ಪಾದ ಇಟ್ಟು ನೋಡುವರು. "ಇನ್ನೊಂದು ಗೇಣು ಬಚ್ಚಲ ಕಡೆಗೆ ಸರಿಸು. ಹಾಂ, ಇದು ಅಲುಗಾಡ್ತಿತ್ತು." ಅವನು ಅದನ್ನು ಗಟ್ಟಿಯಾಗಿ ಕೂರಿಸಿ, ಅಲುಗಾಟದ ಬದಲು ಕಾಲಿಗೆ ಗುರುತು ಸಿಗಲಿ ಅಂತ ಉಳಿಯಲ್ಲಿ ಎರಡು ಗೀರು ಹೊಡೆದು ಕೊಟ್ಟ. ಕಲ್ಲಿಗೆ ಪಾಚಿ ಕಟ್ಟಿದರೂ ಹಿಡಿತ ಇರಲಿ ಅಂತ ಎಲ್ಲಕ್ಕೂ ಉಳಿ ಆಡಿಸಿದ. ತುಳಸಿ ಕಟ್ಟೆಯ ಸುತ್ತ ಎರಡು ಮಾರು ಹುಲ್ಲು ತೆಗೆಸಿ ಮಣ್ಣು ಹಾಕಿಸಿ ದಮ್ಮಸ್ಸು ಮಾಡಿಸಿದೆವು. ಸಗಣಿ ನೀರು ಅಲ್ಲಿ ಎಷ್ಟು ಬೇಕಾದರೂ ಬೀಳಲಿ. ಅತ್ತಿಗೆಮ್ಮನ ದನಿ ಆವತ್ತು ಬೀದಿಗೆ ಕೇಳುವ ಹಾಗಿತ್ತು. ನಮ್ಮ ಮನೆಯವರು ನನ್ನ ಮುಖ ನೋಡಿದರು.

ಸಂಜೆ ಕೊನೆಯ ಕಲ್ಲು ಕೂತ ಮೇಲೆ ಅತ್ತಿಗೆಮ್ಮ ಅಲ್ಲಿಗೆ ಬಂದು ನಿಂತರು. ಮುಂದೆ ಬೇರು ಇರಬೇಕಿತ್ತು. ಹೆಬ್ಬೆರಳಿನಿಂದ ಹುಲ್ಲನ್ನು ಆಚೆ ಈಚೆ ತಡವಿದರು. ಕಲ್ಲುಗಳನ್ನು ವಾಪಸ್ ತಂದ ಹಾಗೆ ಅದನ್ನು ತರಲು ಆಗುವುದಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಹತ್ತಿರ ಹೋಗಿ, "ತಪ್ಪಾಯ್ತು ಅತ್ತಿಗೆಮ್ಮ. ಅಲ್ಲೊಂದು ಮರದ ತುಂಡು ಹೂಳಿಸ್ಲಾ? ಅಷ್ಟೇ ಗಾತ್ರದ್ದು?" ಅಂದೆ.

"ಏನೂ ಬೇಡ ಬಿಡು. ಎಲ್ಲಿತ್ತು ಅಂತ ನನಗೆ ಗೊತ್ತಲ್ಲ" ಅಂದರು.

ಈಗ ಮತ್ತೆ ಮಳೆಗಾಲ. ನೆರಳು, ತೇವ, ಮುಗ್ಗಲು ಎಲ್ಲ ಹಾಗೇ ಇವೆ. ಹೂ ಬಿಡುವ ಕಾಲದಲ್ಲಿ ಹೊಂಗೆಹೂವು ಮಂಡಕ್ಕಿ ಚೆಲ್ಲಿದ ಹಾಗೆ ಹುಲ್ಲಿನ ತುಂಬ ಬೀಳುತ್ತದೆ, ಗುಡಿಸಿ ಗುಡಿಸಿ ನನ್ನ ಸೊಂಟ ಹೋಗುತ್ತದೆ. ಹಿತ್ತಲ ಬಾಗಿಲಿಗೆ ಮೇಲಿನ ಚಿಲಕ ಹಾಕುವುದಿಲ್ಲ. ಬೆಳಿಗ್ಗೆ ಅತ್ತಿಗೆಮ್ಮ ಚೊಂಬು ಹಿಡಿದು ಯಾರ ಕೈಯನ್ನೂ ಹಿಡಿಯದೆ ಕಲ್ಲುಗಳ ಮೇಲೆ ನಡೆಯುತ್ತಾರೆ. ಕೊನೆಯ ಕಲ್ಲಿನಲ್ಲಿ ಸೀರೆ ನೆರಿಗೆ ಚೂರು ಎತ್ತಿ, ಇಲ್ಲದ ಆ ಬೇರನ್ನು ದಾಟಿ, ಬಲಕ್ಕೆ ತಿರುಗುತ್ತಾರೆ. ಹೂವಿನ ಬುಟ್ಟಿ ಹಿಡಿದು ಹಿಂದೆ ಹೋಗುವ ನಾನೂ ಅಲ್ಲಿಗೆ ಬಂದಾಗ ಕಾಲು ಎತ್ತಿ ಇಡುತ್ತೇನೆ.